ನೆಲದಡಿಗೆ ಹೋದ ಮುಯ್ಯಾಳು

ನಾನು ಕೆಲಸ ಮಾಡೋ ಜಾಗಕ್ಕೆ ಸೂರ್ಯ ಇಳಿಯಲ್ಲ. ಬೆಂಗಳೂರಿನ ನಡುಮಧ್ಯೆ, ರಸ್ತೆಯಿಂದ ಎರಡು ಅಂತಸ್ತು ಕೆಳಗಿರೋ ಮೆಟ್ರೋ ಸ್ಟೇಷನ್ ಅದು. ಬೆಳಗ್ಗೆ ಏಳಕ್ಕೆ ಒಳಗೆ ಹೋದ್ರೆ ಮೂರು ಗಂಟೆಗೆ ಹೊರಗೆ ಬರೋತನಕ, ಮೇಲೆ ಮಳೆಯೋ ಬಿಸಿಲೋ ಅನ್ನೋದು ನನಗೆ ಗೊತ್ತಾಗೋದು ಜನರ ಚಪ್ಪಲಿ ನೋಡಿ. ಚಪ್ಪಲಿಯಲ್ಲಿ ಕೆಸರು ಬಂದ್ರೆ ಮಳೆ. ಆ ಕೆಸರು ಒರೆಸೋಳು ನಾನು. ಒರೆಸಿ ಹಿಂದೆ ತಿರುಗೋ ಅಷ್ಟರಲ್ಲಿ ಇನ್ನೊಂದು ಟ್ರೈನ್ ಬಂದು, ಅದರ ಮೇಲೇ ಇನ್ನಷ್ಟು ಚಪ್ಪಲಿ ನಡೆದು ಹೋಗಿರುತ್ತೆ.

"ಫಾರಿನ್ ಥರ ಇದೆ ಕಣೇ, ಎಷ್ಟು ಕ್ಲೀನು!" ಅಂತ ಫೋನಿನಲ್ಲಿ ಹೇಳ್ಕೊಂಡು ನನ್ನ ಮಾಪಿನ ಮೇಲೇ ಕಾಲಿಟ್ಟು ಹೋಗೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ನೆಲ ತಾನಾಗೇ ಹೊಳೆಯುತ್ತೆ ಅಂದ್ಕೊಂಡಿದಾರೆ, ಪಾಪ. ಆ ನೆಲವನ್ನ ಮೂರು ವರ್ಷ ಇಬ್ಬರು ಹೆಂಗಸರು ಒರೆಸಿದ್ವಿ. ಕಾಗದದಲ್ಲಿ ಮಾತ್ರ ಒಬ್ಬಳೇ ಇದ್ಲು, ಅದು ನಾನು. ಇನ್ನೊಬ್ಬಳ ಕಾಲು ಅಲ್ಲೇ ಮುರೀತು. ಇವಳು ಯಾರು ಅಂತ ಕೇಳಿದಾಗ ನಾನು ಏನು ಹೇಳಿದೆ ಅನ್ನೋದು ನಮ್ಮ ಮನೇಲಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿರೋದು ನನಗೆ, ಮತ್ತೆ ಅವಳಿಗೆ. ಅದಕ್ಕೇ ಬರೀತಿದ್ದೀನಿ.

ಅವಳು ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ನನಗಿಂತ ಆರು ವರ್ಷ ಚಿಕ್ಕೋಳು. ಮಾಲೂರಿನಿಂದ ಆಟೋದಲ್ಲಿ ಅರ್ಧ ಗಂಟೆ ದೂರದ ಹಳ್ಳಿ ನಮ್ಮದು. ಅಣ್ಣತಮ್ಮಂದಿರ ಮನೆ ಪಾಲಾಗಿ ಹಿತ್ತಲಿನ ನಡುವೆ ಎದೆಮಟ್ಟ ಗೋಡೆ ಎದ್ದಿತ್ತು, ಆದ್ರೆ ಹಿಪ್ಪುನೇರಳೆ ತೋಟ ಒಟ್ಟಿಗೇ ಇತ್ತು, ರೇಷ್ಮೆ ಹುಳ ಸಾಕೋ ಮನೆಯೂ ಒಂದೇ. ಮನೆಯೊಳಗೆ ನಾವೆಲ್ಲ ಮಾತಾಡೋದು ತೆಲುಗು, ಹೊಸಿಲು ದಾಟಿದ್ರೆ ಕನ್ನಡ. ಇದನ್ನ ನಮಗೆ ಯಾರೂ ಕಲಿಸಿದ್ದಲ್ಲ. ನಮ್ಮ ಕಡೆ ಮಕ್ಕಳು ತೆಲುಗಿನಲ್ಲಿ ಅಳ್ತಾವೆ, ಕನ್ನಡದಲ್ಲಿ ಮಗ್ಗಿ ಒಪ್ಪಿಸ್ತಾವೆ. ಅವಳು ನನ್ನನ್ನ "ಅಕ್ಕಾ" ಅಂತ ಕರೆದ್ರೂ "ನುವ್ವು" ಅಂತಲೇ ಮಾತಾಡ್ತಿದ್ಲು, ಅಂದ್ರೆ ನೀನು ಅಂತ. ಒಡಹುಟ್ಟಿದೋಳ ಹಾಗೆ. ಎರಡು ಜಡೆ ಸೇರಲ್ಲ ಅಂತ ಗಾದೆ ಕಟ್ಟಿದೋರು ನಮ್ಮಿಬ್ಬರನ್ನ ನೋಡಿರಲಿಲ್ಲ ಅಂತ ನಾನು ಜಂಬ ಪಡ್ತಿದ್ದೆ.

ಕೊರೊನಾ ಸ್ವಲ್ಪ ತಣ್ಣಗಾದ ಮೇಲೆ ಒಬ್ಬ ಕಂತ್ರಾಟಿನವನು ರೈಲು ಹಾದಿಯ ಹಳ್ಳಿಗಳಲ್ಲಿ ಹೌಸ್‌ಕೀಪಿಂಗಿಗೆ ಹೆಂಗಸರು ಬೇಕು ಅಂತ ಹುಡುಕ್ಕೊಂಡು ಬಂದ. ನಾನು ಎಸ್ಸೆಸ್ಸೆಲ್ಸಿ ಪಾಸು, ಹೋಗಿ ಸೇರ್ಕೊಂಡೆ. ನೀಲಿ ಯೂನಿಫಾರ್ಮು, ತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಕೊರಳಿಗೆ ಕಾರ್ಡು. ಇಎಸ್‌ಐ ಅಂತ ತಿಂಗಳು ತಿಂಗಳು ಸಂಬಳದಲ್ಲಿ ಮುರ್ಕೊಳ್ತಿದ್ರು, ಹುಷಾರು ತಪ್ಪಿದ್ರೆ, ಬಿದ್ದು ಎದ್ರೆ ಆಸ್ಪತ್ರೆ ಖರ್ಚು ಅವರದು ಅಂದ್ರು. ನಮ್ಮ ವಂಶದಲ್ಲಿ ಅಂಥಾದ್ದೊಂದು ಕಾರ್ಡು ಕಂಡೋಳು ನಾನೇ ಮೊದಲು. ಅತ್ತೆ ಅದನ್ನ ದೇವರ ಪಟದ ಮುಂದಿಟ್ಟು ಕುಂಕುಮ ಹಚ್ಚಿದ್ರು. ಆ ಕುಂಕುಮ ಒರೆಸೋಕೆ ನನಗೆ ಎರಡು ದಿನ ಆಯ್ತು.

ಆರು ತಿಂಗಳಿಗೇ ನನ್ನ ಕೈಲಿ ಆಗದೆ ಹೋಯ್ತು. ಮನೇಲಿ ಹುಳ ಇದ್ದಾಗ ಹೆಂಗಸು ಹೊರಗೆ ಹೋಗೋ ಹಾಗೇ ಇಲ್ಲ. ನಾಲ್ಕನೇ ಜ್ವರ ಎದ್ದ, ಅಂದ್ರೆ ನಾಲ್ಕನೇ ಸಲ ಪೊರೆ ಕಳಚಿದ ಹುಳ ಸಾಮಾನ್ಯಾನಾ? ಸೊಪ್ಪು ಹಾಕಿ ಕೈ ತೊಳೆಯೋದ್ರೊಳಗೆ ತಿಂದು ಮುಗಿಸಿ ತಲೆ ಎತ್ತಿರ್ತಾವೆ. ಅವಳೊಬ್ಬಳೇ ಸೊಪ್ಪು ಕುಯ್ದು, ಹೊತ್ತು, ಹೆಚ್ಚಿ, ಹಾಕಿ ಸೊರಗಿ ಹೋದ್ಲು. ಕೆಲಸ ಬಿಡೋಕೂ ಮನಸ್ಸಿಲ್ಲ, ಹುಳ ಬಿಡೋಕೂ ಆಗಲ್ಲ.

ಆಗ ನನಗೆ ಮುಯ್ಯಾಳು ಹೊಳೀತು. ನಮ್ಮ ಕಡೆ ಕಳೆ ಕೀಳೋಕೆ, ನಾಟಿಗೆ, ಕುಯ್ಲಿಗೆ ಈಗಲೂ ಇದೆ ಈ ಪದ್ಧತಿ. ಇವತ್ತು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಒಂದು ಆಳು ಬಂದ್ರೆ ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ಒಂದು ಆಳು. ಬಂದದ್ದು ಅತ್ತೆಯೋ ಸೊಸೆಯೋ ಮಗಳೋ ಅಂತ ಯಾರೂ ಕೇಳಲ್ಲ. ಮನೆ ಲೆಕ್ಕ, ಮುಖದ ಲೆಕ್ಕ ಅಲ್ಲ. ಸ್ಟೇಷನ್ನಿಗೂ ಒಂದು ಆಳು ಬೇಕು ತಾನೇ? ನಮ್ಮ ಮನೆಯಿಂದ ಒಂದು ಆಳು ಹೋದ್ರೆ ಸಾಲದಾ? ಒಂದಿನ ನಾನು, ಒಂದಿನ ನೀನು, ಬಂದದ್ದು ಎರಡು ಮನೆಗೆ ಸಮ ಅಂದೆ. ಆಣೆ ಮಾಡಿ ಹೇಳ್ತೀನಿ, ಇದರಲ್ಲಿ ಮೋಸ ಇದೆ ಅಂತ ನನಗೆ ಅನ್ನಿಸಲೇ ಇಲ್ಲ. ಅವಳೇ ಒಂದು ಗಳಿಗೆ ಯೋಚನೆ ಮಾಡಿದ್ಲು. "ಸಿಕ್ಕಿಹಾಕ್ಕೊಂಡ್ರೆ ಅಕ್ಕಾ?" ಅಂದ್ಲು. "ಏಯ್, ನಮ್ಮ ಮುಖ ಯಾವನೇ ನೋಡ್ತಾನೆ ಅಲ್ಲಿ?" ಅಂದೆ ನಾನು.

ಅಂದದ್ದು ನಿಜವಾಯ್ತು. ಕೊರೊನಾ ಅಂತ ಹೆಬ್ಬೆಟ್ಟು ಒತ್ತೋ ಮೆಷಿನ್ ತೆಗೆದಿಟ್ಟು ಪುಸ್ತಕದಲ್ಲಿ ಸಹಿ ಹಾಕಿಸ್ಕೊಳ್ತಿದ್ರು. ಏಳನೇ ಕ್ಲಾಸು ಓದಿದೋಳಿಗೆ ಹಿತ್ತಲಿನ ಗೋಡೆ ಮೇಲೆ ಇದ್ದಿಲಲ್ಲಿ ನನ್ನ ಸಹಿ ಬರೆಯೋಕೆ ಕಲಿಸಿದೆ. ಎಂಟು ದಿನಕ್ಕೆ ನನಗಿಂತ ಚೆನ್ನಾಗಿ ಹಾಕ್ತಿದ್ಲು. ಟೋಪಿ ಮಾಸ್ಕು ಹಾಕಿದ ಮೇಲೆ ಉಳಿಯೋದು ಎರಡು ಕಣ್ಣು. ಊಟಕ್ಕೆ ಎಲ್ಲರೂ ತಿಂದು ಎದ್ದ ಮೇಲೇ ಕೂರ್ತಿದ್ವಿ. ನಮ್ಮ ಸೂಪರ್‌ವೈಜರ್ ಇನ್ನೂ ಮೀಸೆ ಸರಿಯಾಗಿ ಬರದವನು, ನಮ್ಮನ್ನೆಲ್ಲ "ಏಯ್ ಅಮ್ಮಾ" ಅಂತಲೇ ಕರೀತಿದ್ದ. ಅವನಿಗೆ ಬೇಕಿದ್ದದ್ದು ಮಾಪು ಆಡೋದು. ಅದರ ಹಿಂದೆ ಯಾರಿದ್ರೆ ಅವನಿಗೇನು?

ಕಷ್ಟ ಇದ್ದದ್ದು ಬೇರೆ ಕಡೆ. ಇಬ್ಬರೂ ಒಬ್ಬಳೇ ಆಗಿರಬೇಕಲ್ಲ. ಹಾಗಾಗಿ ಸಾಯಂಕಾಲ ಅವಳು ಬಂದ ತಕ್ಷಣ ಗೋಡೆ ಹತ್ತಿರ ನಿಂತು ವರದಿ ಒಪ್ಪಿಸ್ತಿದ್ಲು. "ಇವತ್ತು ಅವನ ಹತ್ರ ಜಗಳ ಆಡಿದ್ದೀನಿ ಅಕ್ಕಾ, ನಾಳೆ ನೀನು ಮುಖ ಊದಿಸ್ಕೊಂಡಿರು." ನಾನು ಹೋಗಿ ಕಾರಣವೇ ಗೊತ್ತಿಲ್ಲದ ಜಗಳಕ್ಕೆ ದಿನವೆಲ್ಲ ಮುಖ ಊದಿಸ್ಕೊಂಡಿರ್ತಿದ್ದೆ. ಒಂದ್ಸಲ ಅವಳು ಹಲ್ಲುನೋವು ಅಂತ ಹೇಳಿ ಬಂದಿದ್ಲು, ನನಗೆ ಹೇಳೋದು ಮರೆತಿದ್ಲು. ಮಾರನೇ ದಿನ ನಾನು ಮಾಸ್ಕಿನೊಳಗೇ ಹುರಿಗಡಲೆ ಕಟಕಟ ಅಗೀತಿದ್ದೆ. ಜೊತೆ ಕೆಲಸದ ಹೆಂಗಸೊಬ್ಬಳು ಬಾಯಿ ತೆರೆದು ನೋಡಿದ್ಲು. "ದೇವರಿಗೆ ಹರಕೆ ಕಟ್ಟಿದ್ದೆ ಕಣಕ್ಕಾ, ನಿಂತುಹೋಯ್ತು" ಅಂದೆ. ಆ ದಿನ ಮನೆಗೆ ಬಂದು ಹೇಳಿದಾಗ ಅವಳು ನಕ್ಕು ನಕ್ಕು ಸೊಪ್ಪಿನ ಮಂಕರಿ ಮೇಲೇ ಕೂತುಬಿಟ್ಲು. ನಾನು ಹೋಗೋ ದಿನ ಬೆಳಗ್ಗೆ ಗೋಡೆಯಾಚೆಯಿಂದ ತಪ್ಪದೆ ಕೂಗ್ತಿದ್ಲು, "ಅಕ್ಕಾ, ಕಾರ್ಡು ತೀಸ್ಕುಂಟಿವಾ?" ಕಾರ್ಡು ತಗೊಂಡೆಯಾ ಅಂತ. ಅವಳ ಸರದಿ ಇದ್ದಾಗ ಅದೇ ಮಾತನ್ನ ನಾನು ಕೂಗ್ತಿದ್ದೆ.

ನಾವು ಇಬ್ಬರು ಅನ್ನೋದು ಒಬ್ಬಳಿಗೆ ಮಾತ್ರ ಗೊತ್ತಾಗಿತ್ತು. ಸ್ಟೇಷನ್ ಬಾಗಿಲಲ್ಲಿ ಪರದೆ ಹಿಂದೆ ಹೆಂಗಸರ ಮೈ ಮುಟ್ಟಿ ತಪಾಸಣೆ ಮಾಡೋ ಸೆಕ್ಯೂರಿಟಿಯವಳು ಇದ್ಲು. ಒಂದು ದಿನ ನನ್ನ ಸೊಂಟ ತಡವಿ ಕಿವಿಯ ಹತ್ತಿರ ಹೇಳಿದ್ಲು, "ನಿನ್ನೆ ನೀವು ತೆಳ್ಳಗಿದ್ರಿ." ಅವಳು ಕಣ್ಣು ಮಿಟುಕಿಸಿ, "ಹೋಗಿ ಹೋಗಿ" ಅಂದ್ಲು. ಆ ದೊಡ್ಡ ಸ್ಟೇಷನ್ನಿನಲ್ಲಿ ನಮ್ಮನ್ನ ಗುರುತು ಹಿಡಿದದ್ದು ಕಣ್ಣಲ್ಲ, ಆ ಹೆಂಗಸಿನ ಕೈ.

ಮೂರು ವರ್ಷ ಹೀಗೇ ನಡೀತು. ನಡೀತಾ ನಡೀತಾ ಅದೇ ಸರಿ ಅನ್ನಿಸಿಬಿಡುತ್ತೆ.

ಅವಳು ಬಿದ್ದ ದಿನ, ಕೇಳಿ, ಸರದಿ ನನ್ನದು. ಆದ್ರೆ ಹುಳ ಹಣ್ಣಾಗ್ತಾ ಇತ್ತು. ಹಣ್ಣಾದ ಹುಳವನ್ನ ಹೊತ್ತು ಮೀರೋದ್ರೊಳಗೆ ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡಬೇಕು, ತಡವಾದ್ರೆ ತಟ್ಟೆಯಲ್ಲೇ ನೂಲು ಉಗಿದು ಹಾಳಾಗುತ್ತೆ. ಹುಳ ಆರಿಸೋದರಲ್ಲಿ ನನ್ನ ಕೈ ಚುರುಕು ಅಂತ ಅತ್ತೆ ನನ್ನನ್ನ ಮನೇಲೇ ನಿಲ್ಲಿಸ್ಕೊಂಡ್ರು. "ನಾನು ಹೋಗ್ತೀನಿ ಬಿಡಕ್ಕಾ, ನಾಳೆ ನೀನು ನನಗೆ ತೀರಿಸು" ಅಂದ್ಲು ಅವಳು. ಮುಯ್ಯಿ ಅಂದ್ರೆ ಅದೇ ತಾನೇ. ಕಾರ್ಡು ಕೊಟ್ಟೆ. ಅವಳು ಓಡಿಹೋಗಿ ಆಟೋ ಹಿಡಿದ್ಲು.

ಹತ್ತು ಗಂಟೆ ದಾಟಿರಬೇಕು, ಫೋನ್ ಬಂತು. ಸೂಪರ್‌ವೈಜರ್. ಮೂರು ವರ್ಷದಲ್ಲಿ ಮೊದಲನೇ ಸಲ ನನ್ನ ಹೆಸರು ಹಿಡಿದು ಕರೆದ. "ನೀವು ಎಲ್ಲಿದೀರಿ?" ಅಂದ. ನಾನು ಏನು ಹೇಳಲಿ? "ಇಲ್ಲೇ" ಅಂದೆ. "ಇಲ್ಲೇ ಅಂದ್ರೆ? ಇಲ್ಲಿ ಇನ್ನೊಬ್ಬಳು ಬಿದ್ದಿದಾಳೆ, ನಿಮ್ಮ ಕಾರ್ಡು ಹಾಕ್ಕೊಂಡು ಅದರಲ್ಲಿರೋಳು ನಾನೇ ಅಂತಾಳೆ. ಈಗಲೇ ಬನ್ನಿ" ಅಂದು ಇಟ್ಟುಬಿಟ್ಟ.

ಆಮೇಲೆ ತಿಳಿದದ್ದು ಇಷ್ಟು. ಪ್ಲಾಟ್‌ಫಾರಂ ಮೇಲಿನ ಬೋರ್ಡಿನ ಧೂಳು ಹೊಡೆಯೋಕೆ ಅವಳನ್ನ ಏಣಿ ಹತ್ತಿಸಿದ್ರು. ಕೆಳಗೆ ಹಿಡ್ಕೊಳ್ಳೋಕೆ ಒಬ್ಬರು ಇರಬೇಕು ಅಂತ ರೂಲ್ಸು, ಇರಲಿಲ್ಲ. ಆಗ ತಾನೇ ಒರೆಸಿದ ನೆಲ, ಏಣಿ ಜಾರ್ತು. ಸೊಂಟದ ಮೇಲೆ ಬಿದ್ಲು, ತೊಡೆ ಮೂಳೆ ಮುರೀತು. ನೀರು ಕುಡಿಸೋಕೆ ಅಂತ ಯಾರೋ ಮಾಸ್ಕು ಇಳಿಸಿದ್ರು. ಆಗ ಸೂಪರ್‌ವೈಜರ್ ಕಾರ್ಡಿನ ಫೋಟೋ ನೋಡಿದ, ಮುಖ ನೋಡಿದ. ಮೂರು ವರ್ಷ ಬೈದು ಕೆಲಸ ಮಾಡಿಸಿದ ಹೆಂಗಸನ್ನ ಆವತ್ತು ಮೊದಲು ನೋಡಿದ, ಮಹಾನುಭಾವ.

ನಾನು ಹುಳ ಆರಿಸಿದ ಕೈ ಕೂಡ ತೊಳೀದೆ ಓಡಿದೆ. ಮಾಲೂರಿನಲ್ಲಿ ಟ್ರೈನಿಗೆ ಕಾದು, ಬೆಂಗಳೂರಲ್ಲಿ ಇಳಿದು, ಆ ಸ್ಟೇಷನ್ನಿಗೆ ಬರೋ ಹೊತ್ತಿಗೆ ಒಂದೂವರೆ. ಅಲ್ಲಿತನಕ ಅವಳು ಹಾಗೇ ಬಿದ್ದಿದ್ಲು ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ. ಪಂಪು ರೂಮಿನ ಪಕ್ಕದ ನಮ್ಮ ಊಟದ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ ಮಲಗಿಸಿದ್ರು. ಆಸ್ಪತ್ರೆಗೆ ಯಾಕೆ ಕಳಿಸಿಲ್ಲ ಅಂದ್ರೆ, ಯಾವ ಹೆಸರಲ್ಲಿ ಕಳಿಸೋದು ಅಂತ ತೀರ್ಮಾನ ಆಗಿರಲಿಲ್ಲವಂತೆ. ಥೂ ನಿಮ್ಮ! ಮುರಿದ ಕಾಲಿಗೆ ಹೆಸರು ಕೇಳ್ತೀರಾ?

ಕೋಣೆಯಲ್ಲಿ ಸೂಪರ್‌ವೈಜರ್ ಇದ್ದ, ಕಂತ್ರಾಟಿನ ಆಫೀಸಿನಿಂದ ಬಂದ ಒಬ್ಬ ದೊಡ್ಡ ಮನುಷ್ಯ ಕುರ್ಚಿಯಲ್ಲಿ ಕೂತಿದ್ದ, ತಪಾಸಣೆಯವಳು ಬಾಗಿಲಲ್ಲಿ ನಿಂತಿದ್ಲು. ವಾರಗಿತ್ತಿ ನೆಲದ ಮೇಲೆ. ಮುಖ ಸುಣ್ಣದ ಹಾಗೆ ಬಿಳಿಚಿತ್ತು, ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಅಷ್ಟು ಹೊತ್ತೂ ಅವಳು ಅವರಿಗೆ ಹೇಳಿದ್ದು ಒಂದೇ ಮಾತಂತೆ, ಕಾರ್ಡಿನಲ್ಲಿರೋಳು ನಾನೇ ಅಂತ. ನನ್ನ ಅಪ್ಪನ ಹೆಸರು, ನಾನು ಹುಟ್ಟಿದ ತಾರೀಕು, ನಾನು ಓದಿದ ಸ್ಕೂಲು, ಎಲ್ಲ ತಪ್ಪಿಲ್ಲದೆ ಒಪ್ಪಿಸಿದ್ಲಂತೆ. ಫೋಟೋದಲ್ಲಿ ದಪ್ಪ ಇದ್ದೆ, ಈಗ ಇಳಿದಿದ್ದೀನಿ ಅಂದ್ಲಂತೆ. ಮುರಿದ ಕಾಲು ಇಟ್ಕೊಂಡು ನನ್ನ ಕೆಲಸ ಕಾಯ್ತಾ ಇದ್ಲು ನನ್ನ ವಾರಗಿತ್ತಿ.

ದೊಡ್ಡ ಮನುಷ್ಯ ನನಗೆ ನಿಧಾನವಾಗಿ ಬಿಡಿಸಿ ಹೇಳಿದ. ಕೂಗಾಡಲಿಲ್ಲ, ಕೂಗಾಡಿದ್ರೆ ನಾನೂ ಕೂಗಾಡ್ತಿದ್ದೆ. "ನೋಡಮ್ಮಾ, ಇದು ಅಂಡರ್‌ಗ್ರೌಂಡು. ಸೆಕ್ಯೂರಿಟಿ ಜಾಗ. ಕಾರ್ಡು ನೀನೇ ಕೊಟ್ಟಿದ್ರೆ ಇಬ್ಬರ ಮೇಲೂ ಪೊಲೀಸ್ ಕೇಸಾಗುತ್ತೆ, ಕೆಲಸವೂ ಹೋಗುತ್ತೆ. ಕಾರ್ಡು ಕಳೆದುಹೋಗಿತ್ತು, ಇವಳು ಯಾರೋ ಎತ್ಕೊಂಡು ಬಂದಿದಾಳೆ ಅಂದ್ರೆ ನಿನ್ನ ತಪ್ಪೇನಿಲ್ಲ. ಅದನ್ನ ಬರೆದುಕೊಡು. ಇವಳನ್ನ ನಾವೇ ಸರ್ಕಾರಿ ಆಸ್ಪತ್ರೆಗೆ ಕಳಿಸ್ತೀವಿ, ಪಾಪ." ಆಮೇಲೆ ಅವಳ ಕಡೆ ಬೆರಳು ತೋರಿಸಿ ಕೇಳಿದ, "ಇವಳು ನಿನಗೆ ಗೊತ್ತಾ?"

ಆಗ ಅವಳು ಮಾತಾಡಿದ್ಲು. ಅಷ್ಟು ಹೊತ್ತು ಅವರ ಹತ್ತಿರ ಕನ್ನಡದಲ್ಲಿ ವಾದ ಮಾಡಿದೋಳು, ನನ್ನನ್ನ ಕಂಡ ತಕ್ಷಣ ಮನೆ ಮಾತಿಗೆ ಬಿದ್ಲು. ನೋವು ತಡೀಲಾರದೆ ಕೈ ಚಾಚಿ, "ಅಕ್ಕಾ, ಇಂಟಿಕಿ ಪೋದಾಂ" ಅಂದ್ಲು. ಅಕ್ಕಾ, ಮನೆಗೆ ಹೋಗೋಣ ಅಂತ.

"ಏನಂತಾಳೆ?" ಅಂದ ಆ ಮನುಷ್ಯ, ನನ್ನನ್ನೇ ನೋಡ್ತಾ.

"ಗೊತ್ತಿಲ್ಲ ಸಾರ್" ಅಂದೆ. "ನನಗೆ ತೆಲುಗು ಬರಲ್ಲ."

ಅವಳ ಕೈ ಚಾಚಿದ್ದು ಚಾಚಿದ ಹಾಗೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಎಳ್ಕೊಂಡು ಎದೆಗೆ ಒತ್ತಿ ಇಟ್ಕೊಂಡ್ಲು. ನಾನು ಪೆನ್ನು ತಗೊಂಡೆ. "ನನ್ನ ಕಾರ್ಡು ಕಳೆದುಹೋಗಿತ್ತು. ಈ ಹೆಂಗಸು ಯಾರೆಂದು ನನಗೆ ತಿಳಿದಿಲ್ಲ." ಎಸ್ಸೆಸ್ಸೆಲ್ಸಿ ಓದಿದ್ದು ಉಪಯೋಗಕ್ಕೆ ಬಂತು, ಒಂದು ಅಕ್ಷರ ತಪ್ಪಿಲ್ಲದೆ ಬರೆದೆ. ಸಹಿ ಹಾಕಿದೆ. ತಲೆ ಎತ್ತಿದಾಗ ಬಾಗಿಲಲ್ಲಿದ್ದ ತಪಾಸಣೆಯವಳು ನನ್ನನ್ನೇ ನೋಡ್ತಿದ್ಲು. ಆಮೇಲೆ ಮುಖ ತಿರುಗಿಸಿ ತನ್ನ ಪರದೆ ಕಡೆ ಹೋದ್ಲು. ಅವಳಿಗೂ ಕೆಲಸ ಬೇಕಲ್ಲ.

ಕೆಲಸ ಹೋಗಬಾರದು ಅಂತ ಬರೆದೆ, ಎರಡು ಮನೆಗೂ ಅದೇ ಆಧಾರ ಅಂತ ಬರೆದೆ. ಇದನ್ನೆಲ್ಲ ಆಮೇಲೆ ಜೋಡಿಸ್ಕೊಂಡೆ. ಬರೆಯೋ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಭಯ, ಬರೀ ಭಯ. ಆ ಚೀಟಿ ಯಾರನ್ನ ಉಳಿಸ್ತು ಅಂತ ತಿಳಿಯೋಕೆ ನನಗೆ ತಿಂಗಳುಗಟ್ಟಲೆ ಬೇಕಾಯ್ತು. ಅವಳು ಕೆಲಸದೋಳೇ ಅಲ್ಲ ಅಂದ ಮೇಲೆ ಕೆಲಸದಲ್ಲಿ ಯಾರೂ ಬಿದ್ದೇ ಇಲ್ಲ. ಏಣಿ ಹಿಡಿಯೋರು ಇರಲಿಲ್ಲ ಅನ್ನೋದೂ ಇಲ್ಲ, ಆಸ್ಪತ್ರೆ ಖರ್ಚೂ ಇಲ್ಲ. ಕೇಸು ಗೀಸು ಅಂದದ್ದೆಲ್ಲ ಹೆದರಿಸೋಕೆ. ಹಾಗೊಂದು ಚೀಟಿ ನನ್ನ ಕೈಲಿ ಬರೆಸ್ಕೊಳ್ಳೋಕೇ ಅವನು ಕಾರು ಮಾಡ್ಕೊಂಡು ಬಂದಿದ್ದು. ನಾನು ಕೊಟ್ಟೆ, ಸಲೀಸಾಗಿ.

ಅವಳನ್ನ ಹಿಂದಿನ ಲಿಫ್ಟಿನಲ್ಲಿ ಮೇಲೆ ಕಳಿಸಿದ್ರು, ಜೊತೆಗೆ ಒಬ್ಬ ಕೆಲಸದ ಹೆಂಗಸು. ನಾನೂ ಹಿಂದೆ ಹೊರಟೆ. "ನೀವೆಲ್ಲಿಗೆ?" ಅಂದ ಸೂಪರ್‌ವೈಜರ್. "ಒಂದು ಆಳು ಕಮ್ಮಿ ಇದೆ, ಯೂನಿಫಾರ್ಮ್ ಹಾಕ್ಕೊಳ್ಳಿ." ಯೂನಿಫಾರ್ಮ್ ಅವಳ ಮೈಮೇಲೆ ಹೋಗಿತ್ತು. ಬೇರೆ ಯಾರದೋ ಕೊಟ್ರು. ಹಾಕ್ಕೊಂಡೆ. ಪ್ಲಾಟ್‌ಫಾರಮ್ಮಿನಲ್ಲಿ ಅವಳು ಬಿದ್ದ ಜಾಗದಲ್ಲಿ ಬಕೆಟ್ಟಿನ ನೀರು ಚೆಲ್ಲಿದ್ದು ಒಣಗಿ ಕಲೆ ನಿಂತಿತ್ತು. ಅದನ್ನ ನಾನೇ ಒರೆಸಿದೆ. ಸುರಂಗದೊಳಗಿಂದ ಟ್ರೈನಿಗೆ ಮೊದಲು ಅದರ ಗಾಳಿ ಬರುತ್ತೆ, ಬಿಸಿ ಗಾಳಿ. ಮೂರು ವರ್ಷ ಆ ಗಾಳಿಗೆ ಮುಖ ಕೊಟ್ಟು ನಿಲ್ಲೋದು ನನಗೆ ಇಷ್ಟ ಇತ್ತು. ಆವತ್ತಿನಿಂದ ಆ ಗಾಳಿ ಬಂದ್ರೆ ಬೆನ್ನು ತಿರುಗಿಸ್ತೀನಿ.

ಶಿಫ್ಟು ಮುಗಿಸಿ ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ, ನನ್ನ ಹಿಂದೆಯೇ ಊರಿಂದ ಹೊರಟಿದ್ದ ಮೈದುನ, ಜೊತೆಗೆ ಹೋದ ಹೆಂಗಸಿನ ಫೋನಿಂದ ಜಾಗ ತಿಳ್ಕೊಂಡು ಬಂದು ಅವಳ ತಲೆದೆಸೆಯಲ್ಲಿ ಕೂತಿದ್ದ. ಹಾಸಿಗೆ ಸಿಕ್ಕಿರಲಿಲ್ಲ, ವರಾಂಡದಲ್ಲಿ ಹಾಸಿದ್ರು. ನನ್ನನ್ನ ನೋಡಿ, "ಬಂದ್ರಾ ಅಕ್ಕಾ? ಹುಳ ಎಲ್ಲ ಆರಿಸಿ ಆಯ್ತಾ?" ಅಂದ್ಲು. ಕನ್ನಡದಲ್ಲಿ. ನರ್ಸಮ್ಮ ಪಕ್ಕದಲ್ಲೇ ಇದ್ದಾರಲ್ಲ, ಅದಕ್ಕೇ ಇರಬೇಕು ಅಂದ್ಕೊಂಡೆ. ಮೈದುನನ ಕಡೆ ತಿರುಗಿ ನೀರು ಕೇಳಿದ್ದು ತೆಲುಗಿನಲ್ಲಿ. ಅದನ್ನ ಆಗ ನಾನು ಮನಸ್ಸಿಗೆ ಹಾಕ್ಕೊಳ್ಳಲಿಲ್ಲ.

ಕಾಲಿಗೆ ರಾಡು ಹಾಕೋಕೆ ಸರದಿ ಬರೋತನಕ ಹನ್ನೊಂದು ದಿನ ಆಯ್ತು. ತಡವಾಯ್ತು ಅಂದ್ರು ಡಾಕ್ಟರು. ಮೂಳೆ ಸೊಟ್ಟಗೆ ಕೂಡ್ಕೊಂಡು ಒಂದು ಕಾಲು ಗಿಡ್ಡವಾಯ್ತು. ಆ ಇಎಸ್‌ಐ ಆಸ್ಪತ್ರೆಗೆ ನಾನು ನೆಗಡಿಗೆ ಹೋಗ್ತೀನಿ, ಕೆಮ್ಮಿಗೆ ಹೋಗ್ತೀನಿ, ಮಾತ್ರೆ ತರ್ತೀನಿ. ಅದಕ್ಕೆ ಮುರ್ಕೊಂಡ ಸಂಬಳದಲ್ಲಿ ಅರ್ಧ ಅವಳ ಬೆವರು.

ಮನೇಲಿ ಜಗಳ ಆಗುತ್ತೆ, ಮೈದುನ ನನ್ನ ಮೇಲೆ ಬರ್ತಾನೆ, ಅತ್ತೆ ಶಾಪ ಹಾಕ್ತಾರೆ ಅಂತ ನಾನು ಕಾದೆ. ಬಂದಿದ್ರೆ ಚೆನ್ನಾಗಿತ್ತು, ನಾನೂ ಬಾಯಿ ಮಾಡಿ, ಅತ್ತು, ಹಗುರ ಆಗ್ತಿದ್ದೆ. ಆಗಲಿಲ್ಲ. ಯಾಕಂದ್ರೆ ಅವಳು ಎಲ್ಲರಿಗೂ ಹೇಳಿದ್ಲು, "ನಾನೇ ಅಕ್ಕನಿಗೆ ಕಣ್ಸನ್ನೆ ಮಾಡಿದೆ, ಗೊತ್ತಿಲ್ಲ ಅಂತ ಬರೆದುಕೊಡು ಅಂತ. ಒಂದು ಕೆಲಸವಾದ್ರೂ ಉಳೀಲಿ ಅಂತ." ಅತ್ತೆ ನನ್ನ ತಲೆ ಸವರಿ, "ಬುದ್ಧಿವಂತೆ, ಆ ಹೊತ್ತಲ್ಲಿ ಧೈರ್ಯ ಮಾಡಿದೆ" ಅಂದ್ರು. ಕಣ್ಸನ್ನೆ! ಅವಳ ಮುಖ ನೋಡಿದೆ. ಅವಳು ಸೊಪ್ಪು ಹೆಚ್ತಾ ಇದ್ಲು, ತಲೆ ಎತ್ತಲಿಲ್ಲ.

ಆಮೇಲೆ ಗಮನಿಸಿದೆ. ಗಂಡನ ಹತ್ತಿರ ತೆಲುಗು, ಅತ್ತೆ ಹತ್ತಿರ ತೆಲುಗು, ಮಕ್ಕಳಿಗೆ, ಹಸುವಿಗೆ, ಬೀದಿ ನಾಯಿಗೂ ತೆಲುಗು. ನನ್ನ ಹತ್ತಿರ ಮಾತ್ರ ಕನ್ನಡ. ಅದೂ "ನೀವು" ಅಂತ. "ಬನ್ನಿ ಅಕ್ಕಾ, ಕೂತ್ಕಳಿ. ಊಟ ಆಯ್ತಾ ಅಕ್ಕಾ?" ಮಾತಿನಲ್ಲಿ ಕೋಪ ಇಲ್ಲ, ಮೊನಚು ಇಲ್ಲ, ಮನೆಗೆ ಬಂದ ಮೇಡಮ್ಮಿಗೆ ಕೊಡೋ ಮರ್ಯಾದೆ. ಮಕ್ಕಳು ಕೇಳಿ ನಕ್ಕವು, ದೊಡ್ಡಮ್ಮನ ಹತ್ತಿರ ಸ್ಕೂಲಿನ ಮಾತು ಆಡ್ತೀಯಲ್ಲಮ್ಮ ಅಂತ. ಅವಳೂ ನಕ್ಕಳು.

ನನ್ನ ಬಾಯಿ ದೊಡ್ಡದು ಅಂತ ಊರಲ್ಲೆಲ್ಲ ಹೆಸರು. ಈ ಒಂದು ವಿಷಯಕ್ಕೆ ಮಾತ್ರ ನನ್ನ ಬಾಯಿಗೆ ಬೀಗ ಬಿತ್ತು. ತಪ್ಪಾಯ್ತು ಅನ್ನಬೇಕು, ಇವತ್ತು ಅಂತೀನಿ, ನಾಳೆ ಅಂತೀನಿ ಅಂತ ಒಂದು ವರ್ಷ ತಳ್ಳಿದೆ. ಅಷ್ಟರಲ್ಲಿ ಸ್ಟೇಷನ್ನಿಗೆ ಹೆಬ್ಬೆಟ್ಟಿನ ಮೆಷಿನ್ ಮತ್ತೆ ಬಂತು. ಈಗ ಮುಯ್ಯಾಳಿನ ಮಾತೇ ಇಲ್ಲ, ದಿನಾ ನಾನೇ ಹೋಗಬೇಕು. ಹುಳದ ಮನೆಯಲ್ಲಿ ದಿನಾ ಅವಳೇ, ಒಂದು ಕಾಲು ಎಳ್ಕೊಂಡು.

ಹೋದ ತಿಂಗಳು ಅವಳು ಕಾಲು ತೋರಿಸೋಕೆ ಬೆಂಗಳೂರಿಗೆ ಬಂದಿದ್ಲು, ಮೈದುನನ ಜೊತೆ. ಬಸ್ಸಿನಲ್ಲಿ ನಿಲ್ಲೋಕಾಗಲ್ಲ ಅಂತ ಮೆಟ್ರೋ ಹತ್ತಿದಾರೆ. ಇಳಿದದ್ದು ನಮ್ಮ ಸ್ಟೇಷನ್ನಿನಲ್ಲೇ. ಮೂರು ವರ್ಷ ಆ ನೆಲ ಒರೆಸಿದೋಳು ಟಿಕೆಟ್ಟು ಕೊಂಡು ಅದರ ಮೇಲೆ ಕಾಲಿಟ್ಟದ್ದು ಅದೇ ಮೊದಲು. ಮೈದುನ ಲಿಫ್ಟು ಎಲ್ಲಿ ಅಂತ ನೋಡೋಕೆ ಮುಂದೆ ಹೋಗಿದ್ದ. ಅವಳು ಕೋಲು ಊರ್ಕೊಂಡು ನಿಧಾನವಾಗಿ, ನಾನು ಆಗ ತಾನೇ ಒರೆಸಿದ ನೆಲದ ಕಡೆಗೇ ಬಂದ್ಲು. ನನ್ನನ್ನ ನೋಡಿದ್ಲು. ನಾನೂ ನೋಡಿದೆ. ಹತ್ತು ಹೆಜ್ಜೆ ಆಚೆ ಸೂಪರ್‌ವೈಜರ್ ನಿಂತಿದ್ದ.

ಮಾಪು ಬಿಸಾಕಿ ಓಡಿಹೋಗಿ ಅವಳ ರೆಟ್ಟೆ ಹಿಡ್ಕೊಳ್ಳಬೇಕಿತ್ತು. ಹಿಡ್ಕೊಳ್ಳಲಿಲ್ಲ. ಯಾವ ಪ್ಯಾಸೆಂಜರಿಗಾದ್ರೂ ಹೇಳೋ ಹಾಗೆ, ಅದೇ ದನಿಯಲ್ಲಿ, "ಜಾರುತ್ತೆ, ನೋಡ್ಕೊಂಡು ಹೋಗಿ ಮೇಡಂ" ಅಂದೆ. ಮೇಡಂ ಅಂದೆ ನಾನು, ನನ್ನ ಮನೆಯೋಳನ್ನ. ಅವಳು ತಲೆಯಾಡಿಸಿ ಗೋಡೆ ಹಿಡ್ಕೊಂಡು ಹೋದ್ಲು. ಮೆಟ್ಟಿಲ ಮೇಲೆ ಬಾಗಿಲಲ್ಲಿ ತಪಾಸಣೆಯವಳು ಅವಳನ್ನ ಗುರುತು ಹಿಡಿದು ಕೈ ಹಿಡಿದಳಂತೆ, ನೀರು ಕೊಟ್ಟಳಂತೆ. ಇದನ್ನ ಆಮೇಲೆ ಮೈದುನ ಹೇಳಿದ. ಎಷ್ಟು ಒಳ್ಳೆ ಹೆಂಗಸು ಅತ್ತಿಗೆ, ಗುರುತಿಲ್ಲ ಪರಿಚಯ ಇಲ್ಲ, ಎಷ್ಟು ಉಪಚಾರ ಮಾಡಿದ್ಲು ಅಂದ.

ಆ ದಿನ ರಾತ್ರಿ ಒಬ್ಬಳೇ ಕೂತು ಲೆಕ್ಕ ಹಾಕಿದೆ. ಒಂದು ಸಲ ಹೆದರಿ ಹೇಳಿದೆ ಅಂತ ಒಂದು ವರ್ಷ ನನ್ನನ್ನ ನಾನೇ ಸಮಾಧಾನ ಮಾಡ್ಕೊಂಡಿದ್ದೆ. ಎರಡನೇ ಸಲಕ್ಕೆ ಯಾವ ನೆಪ? ಕೇಸಿಲ್ಲ, ಚೀಟಿ ಇಲ್ಲ, ಕುರ್ಚಿಯಲ್ಲಿ ಯಾವ ದೊಡ್ಡ ಮನ್ಷನೂ ಇರಲಿಲ್ಲ. ಅಭ್ಯಾಸ ಆಗಿಹೋಗಿತ್ತು ನನಗೆ. ಇನ್ನು ತಡೀಬಾರದು, ನಾಳೆ ಬೆಳಗ್ಗೆ ಕೇಳೇಬಿಡ್ತೀನಿ ಅಂತ ಗಟ್ಟಿ ಮಾಡ್ಕೊಂಡೆ.

ಬೆಳಗ್ಗೆ ಟ್ರೈನಿಗೆ ರೆಡಿಯಾಗಿ ಹಿತ್ತಲಿಗೆ ಹೋದೆ. ಗೋಡೆಯಾಚೆ ಅವಳು ಒಲೆ ಮುಂದೆ ಗಿಡ್ಡ ಕಾಲು ಚಾಚಿ ಕೂತಿದ್ಲು, ನೀರು ಕಾಯಿಸ್ತಾ. ಗೋಡೆ ಮೇಲೆ ಇದ್ದಿಲಲ್ಲಿ ಬರೆದ ನನ್ನ ಸಹಿಗಳು ಮಳೆಗೆ ಅರ್ಧ ಅಳಿಸಿ ಇನ್ನೂ ಇದ್ವು. ಎಲ್ಲ ಅವಳ ಕೈಯಿಂದ ಬರೆದದ್ದು. ನಾನು ಗೋಡೆಗೆ ಎದೆ ಒತ್ತಿ ನಿಂತು, ಮನೆ ಮಾತಿನಲ್ಲೇ ಹೇಳಿದೆ. "ತಪ್ಪಯಿಪೋಯಿಂದಿ ಅಮ್ಮಾ" ಅಂದೆ. ತಪ್ಪಾಗಿ ಹೋಯ್ತು ಕಣಮ್ಮಾ. ಹೇಳ್ತಾ ಹೇಳ್ತಾ ಅಳು ಬಂತು. ಆವತ್ತು ಮನೆಗೆ ಹೋಗೋಣ ಅಂದೆಯಲ್ಲ, ನನಗೆ ಕೇಳಿಸಿತ್ತು, ಒಂದೊಂದು ಅಕ್ಷರ ಅರ್ಥ ಆಗಿತ್ತು, ನನ್ನನ್ನ ಬೈಯಿ, ಹೊಡಿ, ಏನಾದ್ರೂ ಅನ್ನು ಅಂತ, ಒಂದು ವರ್ಷ ನುಂಗಿದ್ದೆಲ್ಲ ತೆಲುಗಿನಲ್ಲಿ ಸುರಿದೆ.

ಅವಳು ಪೂರ್ತಿ ಕೇಳಿದ್ಲು. ಒಲೆಗೆ ಒಂದು ಕಟ್ಟಿಗೆ ತಳ್ಳಿದ್ಲು, ಗೋಡೆ ಹಿಡ್ಕೊಂಡು ಕಷ್ಟಪಟ್ಟು ಎದ್ದು ನಿಂತ್ಲು. ಅವಳ ಕಣ್ಣಲ್ಲೂ ನೀರಿತ್ತು. ನನ್ನ ಕೊರಳನ್ನ ನೋಡಿದ್ಲು.

"ಕಾರ್ಡು ತಗೊಂಡ್ರಾ ಅಕ್ಕಾ?" ಅಂದ್ಲು, ಕನ್ನಡದಲ್ಲಿ. "ಟ್ರೈನಿಗೆ ಹೊತ್ತಾಯ್ತು, ಹೋಗಿ ಬನ್ನಿ."